ಸ್ಟಿಕ್ಕರ್ ಬೀಳದ ಮೂರನೆಯ ಕ್ಯಾಮೆರಾ

2024ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ 11.20. ಪೀಣ್ಯದ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕಾಡಪ್ಪ ಎರಡನೇ ಕಾಫಿಗೆ ಕೈ ಚಾಚುವ ಹೊತ್ತಿಗೆ ಸರಿಯಾಗಿ ‘ಗೌರಿ ಟೂಲ್ಸ್’ ಕಾರ್ಖಾನೆಯ ಮಾಲೀಕ ರಾಜೇಂದ್ರ ಒಳಗೆ ಬಂದ. ಎದೆಗೆ ಅವುಚಿಕೊಂಡ ಫೈಲು, ಬೆವರಿದ ಹಣೆ. ಕೂರಿ ಎಂದರೂ ಕೂರಲಿಲ್ಲ.

“ಕಳ್ಳತನ ಆಗಿದೆ ಸಾರ್.”

“ಏನು ಹೋಗಿದೆ?”

“ಡ್ರಾಯಿಂಗ್.”

“ಡ್ರಾಯಿಂಗ್ ಅಂದ್ರೆ ಕಾಗದಾನಾ?”

“ಕಾಗದ ಬೀರುವಿನಲ್ಲೇ ಇದೆ. ಬೀಗಾನೂ ಸರಿಯಾಗಿದೆ.”

“ಮತ್ತೆ ಹೋಗಿದ್ದೇನ್ರೀ, ಗಾಳೀನಾ?”

ಮೂವತ್ತು ವರ್ಷದ ಸರ್ವಿಸಿನಲ್ಲಿ ಕಾಡಪ್ಪ ಮೋಟಾರು ಕದ್ದವರನ್ನು ಹಿಡಿದಿದ್ದ, ತಾಮ್ರದ ತಂತಿ ಕದ್ದವರನ್ನು ಹಿಡಿದಿದ್ದ, ಒಮ್ಮೆ ಇಡೀ ಲೇತ್ ಯಂತ್ರವನ್ನೇ ಟೆಂಪೋಗೆ ಏರಿಸಿಕೊಂಡು ಹೋದ ಮಹಾಶಯರನ್ನೂ ಹಿಡಿದಿದ್ದ. ಇದ್ದ ಜಾಗದಲ್ಲೇ ಇದ್ದುಕೊಂಡು ಕಳುವಾದ ವಸ್ತುವನ್ನು ಮಾತ್ರ ಕಂಡಿರಲಿಲ್ಲ. ರಾಜೇಂದ್ರ ಬಿಡಿಸಿ ಹೇಳಿದ. ಹೊಸೂರಿನ ಗೇರ್‌ಬಾಕ್ಸ್ ಕಂಪನಿಯೊಂದಕ್ಕಾಗಿ ಅವನ ಕಾರ್ಖಾನೆ ಒಂದು ಫಿಕ್ಸ್ಚರ್ ಮಾಡಿತ್ತು. ಯಂತ್ರ ಕೊರೆಯುವಾಗ ಬಿಡಿಭಾಗ ಕೂದಲೆಳೆಯಷ್ಟೂ ಅಲುಗದಂತೆ ಹಿಡಿದುಕೊಳ್ಳುವ ಉಕ್ಕಿನ ಹಿಡಿ ಅದು. ಬೇರೆಯವರ ಫಿಕ್ಸ್ಚರ್ ಒಂದು ಸಲಕ್ಕೆ ಎರಡು ಭಾಗ ಹಿಡಿದರೆ ಇದು ನಾಲ್ಕು ಹಿಡಿಯುತ್ತಿತ್ತು. ಈಗ ಮಾದನಾಯಕನಹಳ್ಳಿಯ ಮುತ್ತಣ್ಣ ಎಂಬ ಇನ್ನೊಬ್ಬ ಕಾರ್ಖಾನೆಯವನು ಅದೇ ಫಿಕ್ಸ್ಚರನ್ನು, ಅವೇ ಅಳತೆಗಳೊಂದಿಗೆ, ಅದೇ ಕಂಪನಿಗೆ ತೋರಿಸಿ ಬಂದಿದ್ದ.

“ಒಳಗಿನವರೇ ಸಾರ್,” ಎಂದ ರಾಜೇಂದ್ರ. “ನಂಬಿಸಿ ಕುತ್ತಿಗೆ ಕುಯ್ದುಬಿಟ್ರು.”

12.40ಕ್ಕೆ FIR ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 316(4), ನೌಕರನಿಂದ ಆದ ನಂಬಿಕೆದ್ರೋಹ. ಆರೋಪಿ, ಅಪರಿಚಿತ.

ಮರುದಿನ ಬೆಳಿಗ್ಗೆ 10ಕ್ಕೆ ಕಾಡಪ್ಪ, ಕಾನ್‌ಸ್ಟೆಬಲ್ ವೇಣಿಯನ್ನು ಕರೆದುಕೊಂಡು ಮಾದನಾಯಕನಹಳ್ಳಿಗೆ ಹೋದ. ಮುತ್ತಣ್ಣ ಮೊದಲು ಕೂಗಾಡಿದ. ತನ್ನ ತಲೆ, ತನ್ನ ಡಿಸೈನು, ಪೊಲೀಸರಿಗೆ ಇಲ್ಲೇನು ಕೆಲಸ ಎಂದ. ಕಂಪ್ಯೂಟರ್ ಸೀಜ್ ಮಾಡುತ್ತೇವೆ ಎಂದಾಗ ಮೆತ್ತಗಾಗಿ, ಮೇಜಿನ ಡ್ರಾಯರಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮುಂದಿಟ್ಟ.

“ಕವರಿನಲ್ಲಿ ಬಂತು ಸಾರ್. ಯಾರು ಕಳಿಸಿದ್ರೋ ದೇವರಾಣೆ ಗೊತ್ತಿಲ್ಲ.”

“ದೇವರನ್ನ ಯಾಕ್ರೀ ಎಳೀತೀರಾ ಇದಕ್ಕೆ? ಸೈನ್ ಮಾಡಿ.”

ಇಬ್ಬರು ಪಂಚರ ಎದುರಿಗೆ ಪಂಚನಾಮೆ ಆಯಿತು. ಪೆನ್‌ಡ್ರೈವಿನ ಜೊತೆಗೆ ಮುತ್ತಣ್ಣ ಕಂಪನಿಗೆ ತೋರಿಸಿದ್ದ ಡ್ರಾಯಿಂಗಿನ ಪ್ರತಿಯೂ ಜಪ್ತಿಯಾಯಿತು. ವೇಣಿ ಎಲ್ಲವನ್ನೂ ವಿಡಿಯೋ ಮಾಡಿಕೊಂಡಳು.

ಠಾಣೆಗೆ ಬಂದು ತೆರೆದು ನೋಡಿದರೆ ಆರು ಫೋಟೋ. ಡ್ರಾಯಿಂಗ್ ಸ್ಪಷ್ಟವಾಗಿತ್ತು, ಆದರೆ ಅದರ ಮೇಲಿನ ಅಕ್ಷರ, ಅಂಕಿ ಎಲ್ಲ ತಿರುಗುಮುರುಗಾಗಿದ್ದವು, ಕನ್ನಡಿಯಲ್ಲಿ ಕಾಣುವಂತೆ.

“ಸೆಲ್ಫಿ ಕ್ಯಾಮೆರಾ ಸಾರ್,” ಎಂದಳು ವೇಣಿ. “ಕೆಲವರು ಹಾಗೆ ಸೆಟ್ಟಿಂಗ್ ಇಟ್ಕೊಂಡಿರ್ತಾರೆ, ಉಲ್ಟಾ ಬರುತ್ತೆ.”

“ಡ್ರಾಯಿಂಗಿಗೆ ಯಾಕಮ್ಮ ಸೆಲ್ಫಿ?”

“ಹಿಂದಿನ ಕ್ಯಾಮೆರಾ ಉಪಯೋಗಿಸೋಕೆ ಆಗದೇ ಇದ್ದೋರು ತೆಗೆದಿದ್ದಾರೆ.”

ಫೋಟೋಗಳ ವಿವರ ತೆಗೆದಾಗ ಅಕ್ಟೋಬರ್ 10, ಗುರುವಾರ, ಸಂಜೆ 4.12 ಎಂದಿತ್ತು. ಫೋನಿನ ಮಾದರಿಯ ಹೆಸರು ಓದಿ ವೇಣಿಯ ಕಣ್ಣರಳಿತು. ಅದು ಮಡಚುವ ಫೋನು, ಅವಳು ಒಂದು ವರ್ಷದಿಂದ ವಿಡಿಯೋ ನೋಡಿ ನೋಡಿ ಆಸೆಪಟ್ಟುಕೊಂಡಿದ್ದ ಫೋನು. ಕಾಡಪ್ಪ ಕೇಳುವ ಮೊದಲೇ ಶುರು ಹಚ್ಚಿಕೊಂಡಳು. ಸಕ್ಕತ್ ಸ್ಟೈಲು ಸಾರ್, ಮಡಚಿದರೆ ಅಂಗೈಯಲ್ಲಿ ಕೂರುತ್ತೆ, ಪಟ್ ಅಂತ ಮುಚ್ಚಿದರೆ ಕಾಲ್ ಕಟ್ಟು. ಅರ್ಧ ತೆರೆದು ಮೇಜಿನ ಮೇಲಿಟ್ಟರೆ ಯಾರೂ ಹಿಡಿಯದೆ ತಾನೇ ನಿಲ್ಲುತ್ತೆ, ಅಂಗೈ ತೋರಿಸಿದರೆ ಸಾಕು, ಎರಡು ಕ್ಷಣ ಬಿಟ್ಟು ಫೋಟೋ ತೆಗೆಯುತ್ತೆ.

“ಕೆಟ್ಟದ್ದೇನೂ ಇಲ್ವಾ ಅದರಲ್ಲಿ?”

“ಅಯ್ಯೋ, ಬೇಕಾದಷ್ಟಿದೆ. ಬ್ಯಾಟರಿ ಸಂಜೆಗೆ ಕೈ ಕೊಡುತ್ತೆ. ಪರದೆ ಮಧ್ಯೆ ಗೆರೆ ಬೀಳುತ್ತೆ. ಮೆಮೊರಿ ಕಾರ್ಡಿಗೆ ಜಾಗ ಇಲ್ಲ. ಮಡಚೋ ಕೀಲಿಗೆ ಧೂಳು ಹೊಕ್ಕರೆ ಮುಗೀತು, ರಿಪೇರಿ ದುಡ್ಡಲ್ಲಿ ಇನ್ನೊಂದು ಫೋನೇ ಬರುತ್ತೆ. ಅದಕ್ಕೇ ನಾನಿನ್ನೂ ತಗೊಂಡಿಲ್ಲ.”

ನವೆಂಬರ್ 14, ಗುರುವಾರ, ಬೆಳಿಗ್ಗೆ 9.15. ಗೌರಿ ಟೂಲ್ಸ್ ಗೇಟು. ಸೆಕ್ಯೂರಿಟಿ ಪಾಪಯ್ಯ ಎಂಟು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತವನು. ಒಳಗೆ ಹೋಗುವ ಪ್ರತಿಯೊಬ್ಬರ ಫೋನಿನ ಕ್ಯಾಮೆರಾಗಳ ಮೇಲೂ ಕಾಳಿನಷ್ಟು ಗಾತ್ರದ ಸ್ಟಿಕ್ಕರ್ ಅಂಟಿಸುವುದು, ಎಷ್ಟು ಅಂಟಿಸಿದೆ ಎಂದು ರಿಜಿಸ್ಟರಿನಲ್ಲಿ ಬರೆಯುವುದು, ಸಂಜೆ ಅಷ್ಟೂ ಹಾಗೇ ಇವೆಯೇ ಎಂದು ನೋಡಿ ಕೀಳುವುದು ಅವನ ಕೆಲಸ. ದಿನಕ್ಕೊಂದು ಬಣ್ಣ, ಒಬ್ಬರಿಗೆ ಒಂದೇ ಫೋನು. ಪೀಣ್ಯದ ಅರ್ಧ ಕಾರ್ಖಾನೆಗಳಲ್ಲಿ ಇದೇ ಪದ್ಧತಿ.

“ಮಡಚೋ ಫೋನ್ ಯಾರದ್ದಾದರೂ ಇದೆಯಾ?” ಎಂದು ಕಾಡಪ್ಪ ಕೇಳಿದ.

“ಒಂದೇ ಒಂದು ಸಾರ್. ಮಹಾನಂದಾದು. ಸೆಕೆಂಡ್‌ಹ್ಯಾಂಡು, ಆದ್ರೂ ಎಲ್ಲಾರಿಗೂ ತೋರಿಸಿಕೊಂಡು ಬಂದಿದ್ಲು ಪಾಪ.”

“ಅದಕ್ಕೆ ಎಷ್ಟು ಸ್ಟಿಕ್ಕರ್ ಹಾಕ್ತೀಯ?”

“ಎರಡು ಸಾರ್. ಮೇಲ್ಗಡೆ ಎರಡು ಕಣ್ಣಿದಾವಲ್ಲ.”

“ಬಿಚ್ಚಿ ನೋಡಿದ್ದೀಯೇನೋ? ಒಳಗೆ ಇನ್ನೊಂದಿದೆಯಲ್ಲೋ ಮಾರಾಯ!”

ಪಾಪಯ್ಯ ಬಿಚ್ಚಿರಲಿಲ್ಲ. ಮಡಚಿದ್ದನ್ನು ಮಡಚಿದ ಹಾಗೇ ಈಸಿಕೊಂಡು, ಅಂಟಿಸಿ, ವಾಪಸ್ ಕೊಟ್ಟಿದ್ದ, ಏಳು ತಿಂಗಳು.

ಮಹಾನಂದಾ ಕಲಬುರಗಿ ಕಡೆಯವಳು, ಇಪ್ಪತ್ತೇಳು ವರ್ಷ. ಅಳತೆ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದಳು. ಆ ಕಾರ್ಖಾನೆಯಲ್ಲಿ ಆ ಯಂತ್ರ ಮುಟ್ಟಿದ ಮೊದಲ ಹೆಣ್ಣುಮಗಳು ಅವಳೇ. ಡ್ರಾಯಿಂಗ್ ಇಡುವ ಕೋಣೆ ಅವಳ ಯಂತ್ರದ ಪಕ್ಕದಲ್ಲೇ ಇತ್ತು. ಪಂಚನಾಮೆ ಮಾಡಿ ಅವಳ ಫೋನು ಜಪ್ತಿ ಮಾಡಿದರು.

“ಅಕ್ಟೋಬರ್ ಹತ್ತನೇ ತಾರೀಕು ಫೋನ್ ಎಲ್ಲಿತ್ತಮ್ಮ?”

“ನನ್ನ ಕಡೀನೇ ಇತ್ರೀ.”

“ಯಾರಿಗಾದರೂ ಕೊಟ್ಟಿದ್ದೆಯಾ?”

ಜಪ್ತಿಯಾದ ಫೋನಿನತ್ತ ನೋಡಿದಳು. “ಇಲ್ರೀ. ಯಾರಿಗೂ ಕೊಟ್ಟಿಲ್ರೀ.”

“ಹಾಗಾದ್ರೆ ಫೋಟೋ ನೀನೇ ತೆಗೆದದ್ದು.”

“ನಾ ತೆಗದಿಲ್ರೀ ಸಾಹೇಬ್ರ. ನಮ್ಮವ್ವನ ಆಣಿ ಮಾಡ್ತೀನಿ, ತೆಗದಿಲ್ರೀ.”

ರಾಜೇಂದ್ರ ಅಲ್ಲೇ ಅವಳನ್ನು ಸಸ್ಪೆಂಡ್ ಮಾಡಿದ. ನೀವು ಅರೆಸ್ಟ್ ಮಾಡಿದ ದಿನ ಡಿಸ್ಮಿಸ್ ಮಾಡುತ್ತೇನೆ, ಆಮೇಲೆ ಪೀಣ್ಯದಲ್ಲಿ ಇವಳನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೋ ನೋಡುತ್ತೇನೆ ಎಂದ. ಅದು ಬರೀ ಬೆದರಿಕೆಯಲ್ಲ ಎಂದು ಕಾಡಪ್ಪನಿಗೂ ಗೊತ್ತಿತ್ತು. ಡ್ರಾಯಿಂಗ್ ಕದ್ದವಳು ಎಂಬ ಹೆಸರು ಬಿದ್ದರೆ ಈ ಪ್ರದೇಶದ ಯಾವ ಗೇಟೂ ಅವಳಿಗೆ ತೆರೆಯುವುದಿಲ್ಲ.

ಆ ಮಧ್ಯಾಹ್ನ ವಿಚಾರಣೆಗೆಂದು ಅವಳನ್ನು ಠಾಣೆಗೆ ಕರೆತಂದಾಗ ಹಿಂದೆಯೇ ಬಂದವನು ರೇವಣಸಿದ್ದ. ಟೂಲ್‌ರೂಮಿನ ಫೋರ್‌ಮನ್, ಹತ್ತೊಂಬತ್ತು ವರ್ಷದ ಸರ್ವಿಸು, ಐವತ್ತರ ಆಸುಪಾಸು. ಅವಳ ಊರಿನವನೇ. ಅವಳಿಗೆ ಕೆಲಸ ಕೊಡಿಸಿದವನೂ, ರಾಜಗೋಪಾಲನಗರದಲ್ಲಿ ತನ್ನ ವಠಾರದಲ್ಲೇ ಬಾಡಿಗೆ ಕೋಣೆ ಹುಡುಕಿಕೊಟ್ಟವನೂ ಅವನೇ. ಅವಳು ಅವನನ್ನು ಕಾಕಾ ಎನ್ನುತ್ತಿದ್ದಳು. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದ. ಅವಳಿಗೂ ಬಡಿಸಿ, ಬೇಡ ಎಂದರೂ ಕಾಡಪ್ಪನ ಮುಂದೂ ಎರಡು ಇಟ್ಟ.

“ಈಕಿ ನನ್ನ ಮಗಳಿದ್ದಂಗ್ರೀ ಸಾಹೇಬ್ರ. ಕಳವು ಅಂದ್ರ ಏನಂತ ಗೊತ್ತಿಲ್ಲ ಈ ಹುಡುಗಿಗೆ. ಏನರ ತಪ್ಪ ಆಗೇದ.”

ಕಾಡಪ್ಪನಿಗೆ ಅವನು ಹಿಡಿಸಿದ. ಸತ್ಯ ಹೇಳಬೇಕೆಂದರೆ ಬಹಳ ಹಿಡಿಸಿದ. ದೊಡ್ಡ ಕೈಗಳು, ಮೆತ್ತನೆಯ ಮಾತು, ಕಣ್ಣಲ್ಲಿ ಕಣ್ಣಿಟ್ಟು ನೋಡುವ ರೀತಿ. ಡ್ರಾಯಿಂಗ್ ಓದುವುದು ಹೇಗೆ ಎಂದು ಒಂದು ಗಂಟೆ ಕೂತು ಪೊಲೀಸರಿಗೆ ಪಾಠ ಮಾಡಿದ. ಹೊರಡುವ ಮುನ್ನ, ಸೀಲ್ ಮಾಡಿ ಮೇಜಿನ ಮೇಲಿಟ್ಟಿದ್ದ ಫೋನಿನತ್ತ ಒಮ್ಮೆ ನೋಡಿ ನಕ್ಕ.

“ಹೊರಗ ಬರೀ ಶೋಕಿರೀ. ಆದ್ರ ಕೀಲದಾಗ ಖರೇ ಕೆಲಸ ಐತಿ. ಒಳಗ ಅಕ್ಕಿಕಾಳಿಗಿಂತ ಸಣ್ಣ ಗೇರ ಅದಾವ, ನಾಕು. ಯಾವ ಪುಣ್ಯಾತ್ಮ ಮಾಡ್ಯಾನೋ, ಕೈ ಮುಗೀಬೇಕು.”

ಅವನು ಹೋದಮೇಲೂ ಆ ಮಾತು ಕಾಡಪ್ಪನ ಕಿವಿಯಲ್ಲಿ ಉಳಿಯಿತು. ಕಿವಿಯಲ್ಲಿ ಉಳಿಯಿತು, ತಲೆಗೆ ಹೋಗಲಿಲ್ಲ. ಅದಕ್ಕೆ ಇನ್ನೂ ಎರಡು ದಿನ ಬೇಕಾಯಿತು.

ನವೆಂಬರ್ 16, ಶನಿವಾರ, ಮಧ್ಯಾಹ್ನ 3. ಮಹಾನಂದಾಳನ್ನು ಅರೆಸ್ಟ್ ಮಾಡಲು ಕಾಗದಪತ್ರ ಸಿದ್ಧವಾಗುತ್ತಿತ್ತು. ರಾಜೇಂದ್ರ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದ. ಕೇಸ್ ಡೈರಿಗೆ ಗೇಟಿನ ರಿಜಿಸ್ಟರಿನ ನಕಲು ಲಗತ್ತಿಸಬೇಕಿತ್ತು. ವೇಣಿ ಅಕ್ಟೋಬರ್ 10ರ ಪುಟ ತೆಗೆದು ಮಹಾನಂದಾಳ ಹೆಸರಿನ ಮುಂದೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

“ಸಾರ್, ಇಲ್ನೋಡಿ. ಬೇರೆ ದಿನಗಳಲ್ಲೆಲ್ಲ ಎರಡು ಸ್ಟಿಕ್ಕರ್. ಅವತ್ತು ಸೊನ್ನೆ.”

“ಸೊನ್ನೆ ಅಂದ್ರೆ?”

“ಕ್ಯಾಮೆರಾನೇ ಇಲ್ಲದ ಫೋನು. ಬಟನ್ ಫೋನಿಗೆ ಹಾಗೆ ಬರೀತಾನೆ ಪಾಪಯ್ಯ.”

ಒಂಬತ್ತನೇ ತಾರೀಕಿಗೂ ಸೊನ್ನೆ. ಎಂಟಕ್ಕೂ ಸೊನ್ನೆ. ಕಾಡಪ್ಪ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡ. ಈ ಮೂರು ದಿನ ಮಡಚುವ ಫೋನು ಅವಳ ಬಳಿ ಇರಲಿಲ್ಲ ಎಂದರೆ, ಯಾರ ಜೊತೆಗೋ ಗೇಟು ದಾಟಿದೆ. ಆ ದಿನದ ಅರವತ್ತೆರಡು ಹೆಸರುಗಳನ್ನೂ ಹಿಂದಿನ ವಾರದ ಪುಟದ ಜೊತೆ ಇಟ್ಟು ಇಬ್ಬರೂ ಹೋಲಿಸಿದರು. ಅರವತ್ತು ಹೆಸರಿನ ಮುಂದೆ ಅಂಕಿ ಬದಲಾಗಿರಲಿಲ್ಲ. ಮಹಾನಂದಾಳದ್ದು ಬದಲಾಗಿತ್ತು. ಇನ್ನೊಂದು, ಎಲ್ಲ ದಿನ ನಾಲ್ಕು ಸ್ಟಿಕ್ಕರ್ ಹಾಕಿಸಿಕೊಳ್ಳುತ್ತಿದ್ದ ಒಬ್ಬನ ಹೆಸರಿನ ಮುಂದೆ ಅಕ್ಟೋಬರ್ 9 ಮತ್ತು 10ಕ್ಕೆ ಎರಡು ಎಂದಿತ್ತು.

ರೇವಣಸಿದ್ದ, ಫೋರ್‌ಮನ್.

ಆಗ ತಲೆಗೆ ಹೋಯಿತು. ಕೀಲಿನ ಒಳಗೆ ನಾಲ್ಕು ಗೇರಿವೆ ಎಂದು ಹೊರಗಿನಿಂದ ನೋಡಿದವನಿಗೆ ಹೇಗೆ ಗೊತ್ತಾಗುತ್ತದೆ? ಬಿಚ್ಚಿದವನಿಗೆ ಗೊತ್ತಾಗುತ್ತದೆ. ಕಾಡಪ್ಪನಿಗೆ ಮೈಯೆಲ್ಲ ಉರಿಯಿತು. ಎರಡು ದಿನದ ಹಿಂದೆ ಅವನ ಕೈಯ ರೊಟ್ಟಿ ತಿಂದಿದ್ದ, ಚಟ್ನಿ ಚೆನ್ನಾಗಿದೆ ಎಂದು ಹೊಗಳಿಯೂ ಇದ್ದ.

ಪಾಪಯ್ಯನನ್ನು ಕರೆಸಿದರು. “ಹೌದು ಸಾರ್, ಫೋರ್‌ಮನ್ ಸಾರ್ ತಂದಿದ್ರು. ಕೀಲು ಕೆಟ್ಟಿದೆ, ರಿಪೇರಿ ಮಾಡಿಕೊಡ್ತೀನಿ ಅಂದ್ರು. ದೊಡ್ಡೋರು, ನಾನೇನು ಕೇಳ್ಲಿ?”

“ಮೊನ್ನೆ ಯಾಕೋ ಹೇಳ್ಲಿಲ್ಲ?”

“ನೀವು ಮಹಾನಂದಾ ವಿಷಯ ಕೇಳಿದ್ರಿ ಸಾರ್. ಫೋರ್‌ಮನ್ ವಿಷಯ ಕೇಳ್ಲೇ ಇಲ್ಲ.”

ಕಾಡಪ್ಪ ಹಲ್ಲು ಕಚ್ಚಿಕೊಂಡ. ತಪ್ಪು ಪಾಪಯ್ಯನದಲ್ಲ, ತನ್ನದು.

ಭಾನುವಾರ ಮೊಬೈಲ್ ಕಂಪನಿಯಿಂದ ವಿವರ ಬಂತು. ಅಕ್ಟೋಬರ್ 8ರಿಂದ 10ರವರೆಗೆ ಮಹಾನಂದಾಳ ಸಿಮ್ ಹಳೇ ಬಟನ್ ಫೋನಿನಲ್ಲಿತ್ತು. ಅದೇ ದಿನ ಸಂಜೆ ಮುತ್ತಣ್ಣನನ್ನು ಎರಡನೇ ಸಲ ಕೂರಿಸಿ ಕೇಳಿದರು. ಈ ಸಲ ದೇವರು ನೆನಪಾಗಲಿಲ್ಲ. ಕವರು ಬಂದದ್ದಲ್ಲ, ರೇವಣಸಿದ್ದ ಖುದ್ದಾಗಿ ಬಂದು ಕೊಟ್ಟದ್ದು ಎಂದು ಒಪ್ಪಿಕೊಂಡ. ಮುತ್ತಣ್ಣನನ್ನು ಎರಡನೇ ಆರೋಪಿ ಮಾಡಿ ನೋಟಿಸ್ ಕೊಟ್ಟರು.

“ದುಡ್ಡೆಷ್ಟು ಕೊಟ್ಟೆ?”

“ಒಂದು ಪೈಸೆ ಕೇಳ್ಲಿಲ್ಲ ಸಾರ್, ಅದೇ ನಂಗೂ ಆಶ್ಚರ್ಯ.”

ನವೆಂಬರ್ 18, ಸೋಮವಾರ, ಬೆಳಿಗ್ಗೆ 10.30. ರೇವಣಸಿದ್ದ ಕರೆದ ಹೊತ್ತಿಗೆ ಸರಿಯಾಗಿ ಬಂದ, ಕೈಯಲ್ಲಿ ಮತ್ತೆ ಡಬ್ಬಿ. ಕಾಡಪ್ಪ ಡಬ್ಬಿಯನ್ನು ಬದಿಗೆ ಸರಿಸಿ ರಿಜಿಸ್ಟರಿನ ಪುಟ ಮುಂದಿಟ್ಟ.

“ಇದನ್ನ ಓದಿ. ನಾಲ್ಕು, ನಾಲ್ಕು, ನಾಲ್ಕು, ಆಮೇಲೆ ಎರಡು.”

ರೇವಣಸಿದ್ದ ಓದಿದ. ಅಂಕಿಯ ಜೊತೆ ಜೀವಮಾನ ಕಳೆದವನು, ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಮುತ್ತಣ್ಣ ಹೇಳ್ಯಾನೇನ್ರೀ?”

“ಹೇಳಿದ್ದಾನೆ. ಈಗ ನೀವು ಹೇಳಿ.”

ಹೇಳಿದ. ಕೀಲಿಗೆ ಲೋಹದ ಪುಡಿ ಹೊಕ್ಕು ಪರದೆ ಕಪ್ಪಾಗುತ್ತಿದ್ದ ಫೋನನ್ನು ಮಹಾನಂದಾ ಅವನಿಗೆ ಕೊಟ್ಟದ್ದು ನಿಜವಾಗಿಯೂ ರಿಪೇರಿಗೇ. ಕಂಪನಿಯ ಮೈಕ್ರೋಸ್ಕೋಪಿನ ಕೆಳಗಿಟ್ಟು ಬಿಚ್ಚಿ ಸರಿ ಮಾಡಿದ್ದ. ಸರಿಯಾದಮೇಲೆ ಅದನ್ನು ತೆರೆದು ಪರೀಕ್ಷೆ ಮಾಡುವಾಗ ಒಳಗಿನ ಕ್ಯಾಮೆರಾ ಕಂಡಿತು, ಅದರ ಮೇಲೆ ಸ್ಟಿಕ್ಕರ್ ಇಲ್ಲದ್ದೂ ಕಂಡಿತು. ಮರುದಿನ ಆಯುಧಪೂಜೆ. ಹತ್ತನೇ ತಾರೀಕು ಸಂಜೆ ಇಡೀ ಕಾರ್ಖಾನೆ ಯಂತ್ರ ತೊಳೆಯುವುದರಲ್ಲಿ ಮುಳುಗಿತ್ತು, ಡ್ರಾಯಿಂಗ್ ಕೋಣೆ ಖಾಲಿ, ಬೀರು ತೆರೆದೇ ಇತ್ತು. ಅರ್ಧ ತೆರೆದ ಫೋನನ್ನು ಬೀರುವಿನ ಅಂಚಿನಲ್ಲಿ ನಿಲ್ಲಿಸಿ, ಅಂಗೈ ತೋರಿಸಿ, ಎರಡೂ ಕೈಯಿಂದ ಹಾಳೆ ಬಿಡಿಸಿ ಹಿಡಿದ. ಆರು ಫೋಟೋ. ಅವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಫೋನಿನಿಂದ ಅಳಿಸಿದ.

“ಆ ಫಿಕ್ಸ್ಚರ್ ಯಾರ ತಲೆಯಿಂದ ಬಂದದ್ದು?”

“ನಂದ್ರೀ.” ಮೊದಲ ಬಾರಿ ಅವನ ದನಿ ಏರಿತು. “ಹದಿನಾಕು ತಿಂಗಳು ನಿದ್ದಿಗೆಟ್ಟು ಮಾಡೀನ್ರೀ. ಮೊದಲ ರಟ್ಟಿಂದು, ಆಮ್ಯಾಲ ಕಟಗೀದು, ಆಮ್ಯಾಲ ಕಬ್ಬಿಣದ್ದು. ಡ್ರಾಯಿಂಗ್ ಮ್ಯಾಲ ಒಂದು ಮನಿ ಇರ್ತದಲ್ರೀ, ಡಿಸೈನ್ ಮಾಡಿದವರ ಹೆಸರು ಬರಿಯೂದು? ಅಲ್ಲಿ ಸ್ಫೂರ್ತಿ ಅಂತ ಬರದಾರ.”

ಸ್ಫೂರ್ತಿ ರಾಜೇಂದ್ರನ ಮಗಳು, ಹೋದ ವರ್ಷ ಓದು ಮುಗಿಸಿ ಬಂದು ಡಿಸೈನ್ ವಿಭಾಗದ ಕುರ್ಚಿಯಲ್ಲಿ ಕೂತವಳು.

“ಕೇಳಲಿಲ್ವಾ ರಾಜೇಂದ್ರನ್ನ?”

“ಕೇಳಿದ್ನಿರೀ. ಅದೊಂದು ಫಾರ್ಮಾಲಿಟಿ ಕಣೋ, ನೀನು ನಮ್ಮನೆಯವನಲ್ವಾ ಅಂದ್ರು. ಹತ್ತೊಂಬತ್ತು ವರ್ಷ ಅದನ್ನ ಕೇಳಕೋತ ಬಂದೀನಿ. ಮನಿಯವ ಆದ್ರ ಹೆಸರ ಯಾಕ ಬರೀಲಿಲ್ರೀ?”

“ನಿಮ್ಮದೇ ಡಿಸೈನ್ ಅಂದ್ಮೇಲೆ ನೆನಪಿನಿಂದ ಬರೆದು ಕೊಡಬಹುದಿತ್ತಲ್ಲ?”

“ಟ್ರಯಲ್ ಆದಮ್ಯಾಲ ನೂರಾ ನಲವತ್ತು ಅಳತಿ ಬದಲಾಗ್ಯಾವ. ಒಂದು ತಪ್ಪಿದ್ರೂ ಕೂಡೂದಿಲ್ಲ. ಮುತ್ತಣ್ಣಗ ಒಂದೇ ಮಾತು ಹೇಳೀನಿ, ರೊಕ್ಕ ಬ್ಯಾಡ, ಆ ಮನಿಯಾಗ ನನ್ನ ಹೆಸರ ಬರಿ ಅಂತ. ಬರೀತೀನಿ ಅಂದಾನ.”

ಕಾಡಪ್ಪ ಮುತ್ತಣ್ಣನಿಂದ ಜಪ್ತಿ ಮಾಡಿದ್ದ ಡ್ರಾಯಿಂಗನ್ನು ತೆಗೆದು ಬಿಡಿಸಿದ. ಕೆಳಗೆ, ಬಲಮೂಲೆಯ ಚೌಕದಲ್ಲಿ, ಡಿಸೈನ್ ಮಾಡಿದವರು ಮುತ್ತಣ್ಣ ಎಂದಿತ್ತು.

ರೇವಣಸಿದ್ದ ಕನ್ನಡಕ ಹಾಕಿಕೊಂಡು ನೋಡಿದ. ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಆಮೇಲೆ ಹಾಳೆಯನ್ನು ಅದರ ಮಡಿಕೆಯಲ್ಲೇ ಮಡಚಿ ವಾಪಸ್ ಕೊಟ್ಟ.

ಕಾಡಪ್ಪನಿಗೆ ಅಯ್ಯೋ ಅನಿಸಿತು, ನಿಜ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ನಿಮ್ಮ ಹೆಸರು ಬರೀಲಿಲ್ಲ ಅಂತ ಇಷ್ಟು ನೊಂದಿದ್ದೀರಿ. ಆ ಹುಡುಗಿ ಹೆಸರು ಕೆಡ್ತಾ ಇದ್ದಾಗ ಪಕ್ಕದಲ್ಲೇ ಕೂತು ರೊಟ್ಟಿ ಬಡಿಸ್ತಿದ್ರಲ್ರೀ! ಹ್ಯಾಗ್ರೀ ಇಳೀತು ಗಂಟಲಲ್ಲಿ?”

“ಆಕಿ ಮಾಡಿಲ್ಲ ಅಲ್ರೀ. ಮಾಡಿಲ್ಲ ಅಂದಮ್ಯಾಲ ಬಿಡ್ತಾರ ಅಂದ್ಕೊಂಡಿದ್ನಿ.”

“ಬಿಡ್ತಿರಲಿಲ್ಲ. ಶನಿವಾರ ನಾನೇ ಅರೆಸ್ಟ್ ಮಾಡ್ತಿದ್ದೆ.”

ಮಧ್ಯಾಹ್ನ 12.15ಕ್ಕೆ ಬಂಧನ ಪತ್ರ ಸಿದ್ಧವಾಯಿತು. ಸಾಕ್ಷಿಗಳ ಬಾಯಿ ಕಟ್ಟಿಸುವ ಸಾಧ್ಯತೆ ಇದೆ ಎಂದು ಬಂಧನದ ಕಾರಣದಲ್ಲಿ ಬರೆದು, ಅವನ ಊರಿನ ತಮ್ಮನಿಗೆ ಫೋನಿನಲ್ಲಿ ವಿಷಯ ತಿಳಿಸಿದರು. ಅಲ್ಲಿಂದ ರಾಜೇಂದ್ರನಿಗೆ ಫೋನ್ ಮಾಡಿದಾಗ ಅವನಿಗೆ ನಂಬಿಕೆ ಬರಲಿಲ್ಲ. ಅವನಿಗೆ ನಾನೇನು ಕಡಿಮೆ ಮಾಡಿದ್ದೆ ಸಾರ್ ಎಂದು ಮೂರು ಸಲ ಕೇಳಿದ. ಕಾಡಪ್ಪ ಉತ್ತರ ಹೇಳುವ ಗೋಜಿಗೆ ಹೋಗದೆ, ಮಹಾನಂದಾಳ ಸಸ್ಪೆನ್ಷನ್ ಇವತ್ತೇ ವಾಪಸ್ ತಗೊಳ್ಳಿ, ಬರವಣಿಗೆಯಲ್ಲಿ, ಎಂದು ಫೋನಿಟ್ಟ.

ಮಧ್ಯಾಹ್ನ 3.40ಕ್ಕೆ ಮಹಾನಂದಾ ಹೇಳಿಕೆ ಕೊಡಲು ಬಂದಳು, ಈ ಸಲ ಸಾಕ್ಷಿಯಾಗಿ. ವೇಣಿ ಕಂಪ್ಯೂಟರಿನ ಮುಂದೆ ಕೂತಳು. ಕಾಡಪ್ಪ ನಡೆದದ್ದನ್ನೆಲ್ಲ ಹೇಳಿದ.

“ಫೋನ್ ಅವರಿಗೆ ಕೊಟ್ಟಿದ್ದನ್ನ ಮೊದಲೇ ಯಾಕಮ್ಮ ಹೇಳಲಿಲ್ಲ?”

“ಕಾಕಾ ಹೇಳಿದ್ರು, ಕಂಪನಿ ಮೈಕ್ರೋಸ್ಕೋಪ್ ಕೆಳಗ ಸ್ವಂತ ಕೆಲಸ ಮಾಡೀನಿ, ಯಾರಿಗರ ಗೊತ್ತಾದ್ರ ನನ್ನ ನೌಕರಿ ಹೋಗ್ತದ ಅಂತ. ನೀವು ನನ್ನ ಹಿಡಕೊಂಡು ಬಂದ ದಿನಾನೂ ಠಾಣಿ ಬಾಗಲದಾಗ ನಿಂತು ಅದನ್ನೇ ಹೇಳಿದ್ರು. ನನ್ನ ಸಲುವಾಗಿ ರಿಪೇರಿ ಮಾಡ್ಯಾರ, ಅವರ ಅನ್ನಕ್ಕ ಕಲ್ಲು ಹಾಕಬಾರದು ಅಂತ...” ವೇಣಿ ನೀರಿನ ಬಾಟಲಿ ಕೊಟ್ಟಳು.

“ಜೈಲಿಗೆ ಹೋಗ್ತಿದ್ದೆಯಲ್ಲಮ್ಮ.”

“ಕಾಕಾ ಇದ್ದಾರ, ಬಿಡಿಸ್ತಾರ ಅಂದ್ಕೊಂಡಿದ್ನಿರೀ.”

ಕಾಡಪ್ಪ ಎದ್ದು ಕಿಟಕಿಯ ಬಳಿ ಹೋಗಿ ನಿಂತ. ಹೊರಗೆ ಟೀ ಅಂಗಡಿಯ ಮುಂದೆ ಪಾಳಿ ಮುಗಿಸಿದವರು ಸೇರುತ್ತಿದ್ದರು. ಹಿಂದೆ ವೇಣಿ ಹೇಳಿಕೆಯ ಮೇಲಿನ ಸಾಲುಗಳನ್ನು ತುಂಬತೊಡಗಿದಳು. ಹೆಸರು, ವಯಸ್ಸು, ವಿಳಾಸ, ಕೆಲಸ. ಒಂದೊಂದಕ್ಕೂ ಮಹಾನಂದಾ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಳು.

“ಆರೋಪಿ ರೇವಣಸಿದ್ದ ನಿಮಗೆ ಏನಾಗಬೇಕು?”

ವೇಣಿ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕಾದಳು. ಲಾಕಪ್ಪಿನ ಕಡೆಯಿಂದ ಯಾರೋ ಕೆಮ್ಮಿದ ಸದ್ದು ಕೇಳಿತು. ಮಹಾನಂದಾ ಅತ್ತ ತಿರುಗಿ ನೋಡಲಿಲ್ಲ.

“ಏನೂ ಆಗಬೇಕಿಲ್ರೀ,” ಎಂದಳು.

ವೇಣಿ ಹಾಗೆಯೇ ಟೈಪ್ ಮಾಡಿದಳು.